ಆ್ಯಂಟಿಬಾಡಿ ಈಗ ನೆಗೆಟಿವ್ ಬಂದಿದೆ, ಹಳೇ ರಿಪೋರ್ಟ್ ಬಿಸಾಕಬಹುದಾ? ರಕ್ತ ಹಾಕಿಸಿಕೊಂಡವರಿಗೊಂದು ಮಾರ್ಗದರ್ಶಿ

"ಹೋದ ಸಲ ಆ್ಯಂಟಿಬಾಡಿ ಪಾಸಿಟಿವ್ ಅಂದಿದ್ರು, ಈ ಸಲ ನೆಗೆಟಿವ್ ಬಂದಿದೆ. ಹಾಗಾದ್ರೆ ಹೋಯ್ತು ಅಲ್ವಾ?" ರಕ್ತ ಪೂರಣದ ಬಗ್ಗೆ ಏನೇ ಬರೆದರೂ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಹೆರಿಗೆಯಲ್ಲಿ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ತಲಸ್ಸೇಮಿಯಾ ಇರುವ ಮಕ್ಕಳ ತಂದೆತಾಯಿ, ಎಲ್ಲರೂ ಕೇಳುತ್ತಾರೆ. ಉತ್ತರ ಚಿಕ್ಕದು: ಹೋಗಿಲ್ಲ, ಹಳೇ ರಿಪೋರ್ಟ್ ಬಿಸಾಕಬೇಡಿ. ಏಕೆ ಬಿಸಾಕಬಾರದು, ಯಾವ್ಯಾವ ಕಾಗದ ಇಟ್ಟುಕೊಳ್ಳಬೇಕು, ಅದನ್ನು ಯಾರ ಕೈಗೆ ಯಾವಾಗ ಕೊಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ವಿಷಯ ಏನೆಂದು ತಿಳಿಯಿರಿ

ರಕ್ತದ ಗುಂಪು ಎಂದರೆ ನಮಗೆ ಗೊತ್ತಿರುವುದು ಎ, ಬಿ, ಎಬಿ, ಓ. ಅದರ ಪಕ್ಕದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್. ರಕ್ತ ಕೊಡುವಾಗ ಸಾಮಾನ್ಯವಾಗಿ ಹೊಂದಿಸುವುದೂ ಇಷ್ಟನ್ನೇ. ಆದರೆ ಕೆಂಪು ರಕ್ತಕಣದ ಮೈಮೇಲೆ ಮುನ್ನೂರಕ್ಕೂ ಹೆಚ್ಚು ಗುರುತುಗಳಿವೆ. ಇವನ್ನು ಪ್ರತಿಜನಕ ಅಥವಾ ಆ್ಯಂಟಿಜೆನ್ ಎನ್ನುತ್ತಾರೆ. ಈ ಗುರುತುಗಳನ್ನು ಆರ್‌ಎಚ್, ಕೆಲ್, ಡಫಿ, ಕಿಡ್, ಎಂಎನ್‌ಎಸ್ ಎಂದು ನಲವತ್ತಕ್ಕೂ ಮಿಕ್ಕಿದ ವ್ಯವಸ್ಥೆಗಳಾಗಿ ವಿಂಗಡಿಸಿದ್ದಾರೆ. ಕೆಲ್ (1946), ಡಫಿ (1950), ಕಿಡ್ (1951) ಎಂಬುವು ಕಂಡುಹಿಡಿದ ವಿಜ್ಞಾನಿಗಳ ಹೆಸರುಗಳಲ್ಲ, ಆ ಗುರುತಿನ ವಿರುದ್ಧದ ಪ್ರತಿಕಾಯ (ಆ್ಯಂಟಿಬಾಡಿ) ಮೊದಲು ಯಾರ ಮನೆಯಲ್ಲಿ ಪತ್ತೆಯಾಯಿತೋ ಆ ರೋಗಿಗಳ, ಕುಟುಂಬಗಳ ಹೆಸರುಗಳು.

ನಿಮ್ಮ ಕಣದ ಮೇಲೆ ಇಲ್ಲದ ಗುರುತೊಂದು ದಾನಿಯ ಕಣದ ಮೇಲಿದ್ದರೆ ನಿಮ್ಮ ದೇಹ ಅದನ್ನು ಪರಕೀಯ ಎಂದು ಬಗೆದು ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸಬಹುದು. ಎಲ್ಲರಲ್ಲೂ ಹೀಗಾಗುವುದಿಲ್ಲ. ಅಪರೂಪಕ್ಕೆ ರಕ್ತ ಹಾಕಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಂದ ಮೂವರಲ್ಲಿ ಇಂಥ ಪ್ರತಿಕಾಯ ಸಿಗುತ್ತದೆ. ತಿಂಗಳು ತಿಂಗಳು ರಕ್ತ ಬೇಕಾಗುವ ತಲಸ್ಸೇಮಿಯಾ, ಸಿಕಲ್ ಸೆಲ್ ರೋಗಿಗಳಲ್ಲಿ ಪ್ರಮಾಣ ಇನ್ನೂ ಜಾಸ್ತಿ. ಗರ್ಭಿಣಿಯರಲ್ಲಿ ಮಗುವಿನ ರಕ್ತಕಣ ತಾಯಿಯ ರಕ್ತಕ್ಕೆ ಸೇರುವುದರಿಂದಲೂ ಇದು ಹುಟ್ಟಬಹುದು. ಒಂದು ಹನಿ ರಕ್ತ ಹಾಕಿಸಿಕೊಳ್ಳದ ಹೆಂಗಸರಲ್ಲೂ ಪ್ರತಿಕಾಯ ಕಾಣುವುದು ಈ ಕಾರಣಕ್ಕೆ.

ಹುಟ್ಟಿದ ಪ್ರತಿಕಾಯ ಮಾಯವಾಗುವುದು ಹೇಗೆ? ಇವು ಹೆಚ್ಚಾಗಿ ಐಜಿಜಿ ಎಂಬ ಬಗೆಯವು. ರಕ್ತದಲ್ಲಿರುವ ಐಜಿಜಿಯಲ್ಲಿ ಅರ್ಧ ಪಾಲು ಸುಮಾರು ಮೂರು ವಾರಕ್ಕೆ ಕರಗುತ್ತದೆ, ಉಳಿದದ್ದರ ಅರ್ಧ ಮತ್ತೆ ಮೂರು ವಾರಕ್ಕೆ. ಹೊಸದು ತಯಾರಾಗದಿದ್ದರೆ ಆರು ತಿಂಗಳ ಹೊತ್ತಿಗೆ ಮೊದಲಿದ್ದುದರ ಮುನ್ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಕೆಲವರಲ್ಲಿ ಇದನ್ನು ತಯಾರಿಸುವ ಜೀವಕೋಶಗಳು ವರ್ಷಗಟ್ಟಲೆ ಬದುಕಿರುತ್ತವೆ, ಅಂಥವರ ರಿಪೋರ್ಟ್ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಆ್ಯಂಟಿ-ಡಿ (ಆರ್‌ಎಚ್ ವ್ಯವಸ್ಥೆಯ ಡಿ ಗುರುತಿನ ವಿರುದ್ಧದ ಪ್ರತಿಕಾಯ) ಹೀಗೆ ದಶಕಗಳ ಕಾಲ ಕಾಣಿಸಿಕೊಳ್ಳುವುದುಂಟು. ಇನ್ನು ಕೆಲವರಲ್ಲಿ ಆ ಕೋಶಗಳು ಬೇಗ ಸಾಯುತ್ತವೆ. ಕಿಡ್ ವ್ಯವಸ್ಥೆಯ ಆ್ಯಂಟಿ-ಜೆಕೆಎ ಈ ವಿಷಯದಲ್ಲಿ ಕುಖ್ಯಾತ. ಇವತ್ತು ಸ್ಪಷ್ಟವಾಗಿ ಕಂಡದ್ದು ಕೆಲವೇ ತಿಂಗಳಲ್ಲಿ ಪತ್ತೆ ಇಲ್ಲ. ಒಟ್ಟಾರೆ ಪತ್ತೆಯಾದ ಪ್ರತಿಕಾಯಗಳಲ್ಲಿ ಕಾಲು ಭಾಗದಿಂದ ಅರ್ಧಕ್ಕೂ ಹೆಚ್ಚಿನವು ಕಾಲಾಂತರದಲ್ಲಿ ಪರೀಕ್ಷೆಗೆ ಸಿಗದಂತಾಗುತ್ತವೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ.

ಆದರೆ ಅದನ್ನು ತಯಾರಿಸುವ ಕಲೆ ಕಲಿತ ನೆನಪಿನ ಕೋಶಗಳು (ಮೆಮೊರಿ ಬಿ ಕೋಶ) ಉಳಿದಿರುತ್ತವೆ. ಬೇಸಿಗೆಯಲ್ಲಿ ಗರಿಕೆ ಒಣಗಿ ನೆಲ ಬೋಳಾದರೂ ಬೇರು ಸತ್ತಿರುವುದಿಲ್ಲವಲ್ಲ, ಹಾಗೆ. ಅದೇ ಗುರುತಿನ ರಕ್ತ ಮತ್ತೆ ಒಳಗೆ ಹೋದರೆ ಮೂರರಿಂದ ಹದಿನಾಲ್ಕು ದಿನಗಳೊಳಗೆ ಪ್ರತಿಕಾಯ ಹಿಂದಿಗಿಂತ ಜೋರಾಗಿ ಎದ್ದು, ಹಾಕಿಸಿಕೊಂಡ ರಕ್ತವನ್ನು ಒಡೆಯತೊಡಗುತ್ತದೆ. ವೈದ್ಯರು ಇದನ್ನು ತಡವಾದ ಹೀಮೋಲಿಟಿಕ್ ಪ್ರತಿಕ್ರಿಯೆ ಎನ್ನುತ್ತಾರೆ. ರಕ್ತ ಕೊಡುವ ದಿನ ಪರೀಕ್ಷೆಯೆಲ್ಲ ಸರಿಯಾಗಿರುತ್ತದೆ, ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ) ಹೊಂದಿರುತ್ತದೆ, ಯಾರ ಕೆಲಸದಲ್ಲೂ ಲೋಪ ಇರುವುದಿಲ್ಲ. ಆ ದಿನ ಪ್ರಯೋಗಾಲಯಕ್ಕೆ ಸಿಗದೇ ಇದ್ದ ಸುಳಿವು ಹತ್ತು ವರ್ಷದ ಹಿಂದಿನ ಒಂದು ಕಾಗದದಲ್ಲಿ ಇದ್ದಿರಬಹುದು.

ಈ ಮಾತು ಎ, ಬಿ ಗುಂಪಿನ ಪ್ರತಿಕಾಯಗಳಿಗೆ ಅನ್ವಯಿಸುವುದಿಲ್ಲ. ಅವು ರಕ್ತ ಹಾಕಿಸಿಕೊಳ್ಳದೆಯೂ, ಎಬಿ ಗುಂಪಿನವರನ್ನು ಬಿಟ್ಟು ಉಳಿದವರಲ್ಲಿ ಹುಟ್ಟುವಂಥವು.

ಹಂತ 1: ಇತಿಹಾಸ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಯಾವಾಗ ಯಾವಾಗ ರಕ್ತ ಹಾಕಿದ್ದಾರೆ, ಯಾವ ಊರಿನ ಯಾವ ಆಸ್ಪತ್ರೆ, ಯಾವ ಕಾರಣಕ್ಕೆ ಎಂದು ಬರೆಯಿರಿ. ದಿನಾಂಕ ಸರಿಯಾಗಿ ನೆನಪಿಲ್ಲದಿದ್ದರೆ ವರ್ಷ ಸಾಕು; ಅದೂ ಇಲ್ಲದಿದ್ದರೆ "ದೊಡ್ಡವನು ಹುಟ್ಟಿದಾಗ" ಎಂದಾದರೂ ಬರೆಯಿರಿ. ಮನೆಯ ಹಿರಿಯರನ್ನು ಕೇಳಿ. ಮಗುವಾಗಿದ್ದಾಗ ರಕ್ತ ಹಾಕಿದ್ದು ನಿಮಗೆ ಗೊತ್ತಿರುವುದಿಲ್ಲ, ಅಮ್ಮನಿಗೋ ಅಜ್ಜಿಗೋ ಗೊತ್ತಿರುತ್ತದೆ.

ಹೆಂಗಸರು ಎಷ್ಟು ಬಾರಿ ಗರ್ಭ ಧರಿಸಿದ್ದರು ಎಂಬುದನ್ನೂ ಬರೆಯಬೇಕು. ಗರ್ಭಪಾತವಾದದ್ದನ್ನು ಬಿಡಬೇಡಿ. ಹುಟ್ಟಿದ ಮಗುವಿಗೆ ಕಾಮಾಲೆ ಜೋರಾಗಿ ರಕ್ತ ಬದಲಿಸಬೇಕಾಗಿ ಬಂದಿದ್ದರೆ ಅದು ದೊಡ್ಡ ಸುಳಿವು. ತಾಯಿ ಕಾರ್ಡ್ ಇದ್ದರೆ ಅದರ ಪ್ರತಿ ಪುಟದ ಫೋಟೊ ತೆಗೆದಿಡಿ.

ಎಚ್ಚರ: "ಎರಡು ಬಾಟ್ಲಿ ಹಾಕಿದ್ರು" ಎಂದಷ್ಟೇ ಬರೆದರೆ ಸಾಲದು. ಕೆಂಪು ರಕ್ತವೇ (ಪ್ಯಾಕ್ಡ್ ಸೆಲ್), ಹಳದಿ ಬಣ್ಣದ ಪ್ಲೇಟ್‌ಲೆಟ್ ಅಥವಾ ಪ್ಲಾಸ್ಮಾವೇ ಎಂಬುದು ಬೇಕು. ಡೆಂಗಿ ಬಂದಾಗ ಹಾಕಿದ್ದು ಬಹುಪಾಲು ಪ್ಲೇಟ್‌ಲೆಟ್. ನಮ್ಮ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಕೆಂಪು ರಕ್ತದ ಇತಿಹಾಸ.

ಹಂತ 2: ಕಾಗದಗಳನ್ನು ಬೇಗ ಪಡೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಡಿಸ್ಚಾರ್ಜ್ ಸಮರಿಯಲ್ಲಿ ಸಾಮಾನ್ಯವಾಗಿ "ಎರಡು ಯೂನಿಟ್ ಪ್ಯಾಕ್ಡ್ ಸೆಲ್ ಕೊಡಲಾಯಿತು" ಎಂಬ ಒಂದೇ ಸಾಲು ಇರುತ್ತದೆ. ಪ್ರತಿಕಾಯದ ವಿವರ ಅದರಲ್ಲಿ ಬರುವುದು ಅಪರೂಪ. ಅದು ಇರುವುದು ರಕ್ತ ಕೇಂದ್ರದ ರಿಜಿಸ್ಟರಿನಲ್ಲಿ. (ನಾವೆಲ್ಲ ಬ್ಲಡ್ ಬ್ಯಾಂಕ್ ಎನ್ನುವುದಕ್ಕೆ 2020ರಿಂದ ಕಾನೂನಿನಲ್ಲಿ ರಕ್ತ ಕೇಂದ್ರ ಎಂಬ ಹೆಸರಿದೆ. ಜನ ಈಗಲೂ ಬ್ಲಡ್ ಬ್ಯಾಂಕ್ ಎಂದೇ ಕರೆಯುತ್ತಾರೆ, ನಾನೂ ಎರಡನ್ನೂ ಬಳಸುತ್ತೇನೆ.)

ಆದ್ದರಿಂದ ಎರಡು ಕಡೆ ಕೇಳಬೇಕು. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೇಸ್‌ಶೀಟ್‌ನ ಪ್ರತಿ, ಅದರೊಳಗೆ ರಕ್ತ ಹಾಕಿದಾಗಿನ ಟಿಪ್ಪಣಿ ಮತ್ತು ಕ್ರಾಸ್‌ಮ್ಯಾಚ್ ರಿಪೋರ್ಟ್. ರಕ್ತ ಕೇಂದ್ರದಲ್ಲಿ ನಿಮ್ಮ ಹೆಸರಿನಲ್ಲಿ ಆದ ಆ್ಯಂಟಿಬಾಡಿ ಸ್ಕ್ರೀನ್, ಆ್ಯಂಟಿಬಾಡಿ ಗುರುತಿಸುವ ಪರೀಕ್ಷೆ, ಹೊಂದದ ಕ್ರಾಸ್‌ಮ್ಯಾಚ್ ಏನಾದರೂ ಇದ್ದರೆ ಅದರ ವರದಿ. ಬಾಯಲ್ಲಿ ಕೇಳುವುದಕ್ಕಿಂತ ಒಂದು ಹಾಳೆಯಲ್ಲಿ ಅರ್ಜಿ ಬರೆದು, ಆಸ್ಪತ್ರೆ ನಂಬರ್, ದಾಖಲಾದ ತಾರೀಕು ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ.

ಬೇಗ ಕೇಳಿ ಎನ್ನುವುದಕ್ಕೆ ಕಾರಣವೂ ಅದೇ ನಿಯಮಾವಳಿಯಲ್ಲಿದೆ: ಒಳರೋಗಿಗಳ ದಾಖಲೆಯನ್ನು ವೈದ್ಯರು ಕಾಯ್ದಿಡಬೇಕಾದದ್ದು ಮೂರು ವರ್ಷ. ರಕ್ತ ಕೇಂದ್ರಗಳು ಔಷಧ ನಿಯಮಗಳ ಪ್ರಕಾರ ಐದು ವರ್ಷ ಇಡಬೇಕು. ಹೆಚ್ಚು ಕಾಲ ಇಡುವ ಆಸ್ಪತ್ರೆಗಳಿವೆ, ಕಂಪ್ಯೂಟರಿನಲ್ಲಿ ಇದ್ದರೆ ಸಿಗಲೂಬಹುದು. ಆದರೆ ನಿಮ್ಮ ನೆನಪಿನ ಕೋಶ ಇಪ್ಪತ್ತು ಮೂವತ್ತು ವರ್ಷ ಇದ್ದರೂ ಆಶ್ಚರ್ಯವಿಲ್ಲ. ನಡುವಿನ ಅಷ್ಟು ವರ್ಷ ಆ ಕಾಗದವನ್ನು ಕಾಯುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಪ್ರತಿಕಾಯ ಇರುವ ರೋಗಿಗಳ ರಾಷ್ಟ್ರಮಟ್ಟದ ನೋಂದಣಿ ಇದೆ, ಒಂದು ಆಸ್ಪತ್ರೆಯಲ್ಲಿ ಕಂಡದ್ದು ಇನ್ನೊಂದು ಆಸ್ಪತ್ರೆಗೆ ಗೊತ್ತಾಗುತ್ತದೆ. ನಮ್ಮಲ್ಲಿ ಹುಬ್ಬಳ್ಳಿಯಲ್ಲಿ ಪತ್ತೆಯಾದದ್ದು ಮೈಸೂರಿಗೆ ತಿಳಿಯಬೇಕೆಂದರೆ ರೋಗಿಯೇ ಹೊತ್ತು ತರಬೇಕು.

ಎಚ್ಚರ: ಹೆಸರಿನ ಗೊಂದಲ. ಮದುವೆಗೆ ಮುಂಚೆ ತಂದೆಯ ಇನಿಷಿಯಲ್, ಆಮೇಲೆ ಗಂಡನ ಹೆಸರು; ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಲಕ್ಷ್ಮಮ್ಮ, ಮತ್ತೊಂದು ಕಡೆ ಲಕ್ಷ್ಮೀದೇವಿ. ಒಂದೇ ಆಸ್ಪತ್ರೆಯಲ್ಲಿ ಒಬ್ಬರಿಗೇ ಎರಡು ನಂಬರ್ ಆಗಿಬಿಡುತ್ತದೆ, ಹಳೇ ನಂಬರಿನಲ್ಲಿರುವ ಆ್ಯಂಟಿಬಾಡಿ ಹೊಸ ನಂಬರಿನಲ್ಲಿ ಕಾಣುವುದಿಲ್ಲ. ದಾಖಲಾಗುವಾಗ ಹಳೆಯ ಆಸ್ಪತ್ರೆ ನಂಬರ್ ಹೇಳಿ, ಅದರಲ್ಲೇ ಮುಂದುವರಿಸಲು ಕೇಳಿ. ಅರ್ಜಿ ಬರೆಯುವಾಗ ಹಿಂದಿನ ಹೆಸರನ್ನೂ ಕಾಣಿಸಿ.

ಹಂತ 3: ರಿಪೋರ್ಟ್ ಓದುವುದನ್ನು ಕಲಿಯಿರಿ

ನಾಲ್ಕು ಪದ ಗೊತ್ತಿದ್ದರೆ ಸಾಕು.

ಐಸಿಟಿ, ಅಂದರೆ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ. ನಿಮ್ಮ ರಕ್ತದ ನೀರಿನ ಭಾಗದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವುದು. 1945ರಲ್ಲಿ ಕೂಂಬ್ಸ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿವರಿಸಿದ ಇದು ಇವತ್ತಿಗೂ ಈ ಕೆಲಸದ ಬೆನ್ನೆಲುಬು. ಡಿಸಿಟಿ, ಅಂದರೆ ಡೈರೆಕ್ಟ್ ಕೂಂಬ್ಸ್. ಪ್ರತಿಕಾಯ ಆಗಲೇ ಕೆಂಪು ಕಣಕ್ಕೆ ಅಂಟಿಕೊಂಡಿದೆಯೇ ಎಂದು ನೋಡುವುದು. ಆ್ಯಂಟಿಬಾಡಿ ಸ್ಕ್ರೀನ್ ಎಂದರೆ ಗುರುತುಗಳು ಮೊದಲೇ ಗೊತ್ತಿರುವ ಎರಡು ಮೂರು ಬಗೆಯ ಕಣಗಳ ಜೊತೆ ಐಸಿಟಿ ಮಾಡುವುದು. ಆ್ಯಂಟಿಬಾಡಿ ಐಡೆಂಟಿಫಿಕೇಷನ್ ಎಂದರೆ ಸಾಮಾನ್ಯವಾಗಿ ಹನ್ನೊಂದು ಬಗೆಯ ಕಣಗಳ ಪ್ಯಾನೆಲ್ ಇಟ್ಟು, ಇರುವುದು ಯಾವ ಪ್ರತಿಕಾಯ ಎಂದು ಹೆಸರಿಸುವುದು. ನಿಮಗೆ ಮುಖ್ಯವಾಗಿ ಬೇಕಾದ ಹಾಳೆ ಈ ಕೊನೆಯದು.

ಈಗ ಹೆಚ್ಚಿನ ಕಡೆ ಇದನ್ನು ಜೆಲ್ ಕಾರ್ಡಿನಲ್ಲಿ ಮಾಡುತ್ತಾರೆ. ಎಟಿಎಂ ಕಾರ್ಡಿನಷ್ಟಿರುವ ಪ್ಲಾಸ್ಟಿಕ್ಕಿನಲ್ಲಿ ಸಾಲಾಗಿ ಸಣ್ಣ ಕೊಳವೆಗಳು, ಒಳಗೆ ಜೆಲ್. ಕಾರ್ಡನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳೆಲ್ಲ ತಳಕ್ಕೆ ಇಳಿದು ಗುಂಡಿಯಂತೆ ಕೂತರೆ ನೆಗೆಟಿವ್. ಒಂದಕ್ಕೊಂದು ಅಂಟಿ ಮೇಲೆಯೇ ಕೆಂಪು ಗೆರೆಯಾಗಿ ನಿಂತರೆ ಬಲವಾದ ಪಾಸಿಟಿವ್. ಪ್ರತಿಕಾಯ ಕಡಿಮೆಯಾಗುತ್ತ ಬಂದಂತೆ ಗೆರೆ ಚದುರಿ, ಕಣಗಳು ನಡುವೆ ಅಲ್ಲಲ್ಲಿ ತೂಗಾಡಿ, ಕೊನೆಗೆ ಎಲ್ಲವೂ ತಳ ಸೇರುತ್ತವೆ. ಹಾಗಾಗಿ "ನೆಗೆಟಿವ್" ಎಂಬುದರ ಅರ್ಥ ಇವತ್ತು ಈ ಪರೀಕ್ಷೆಗೆ ಸಿಗುವಷ್ಟು ಪ್ರಮಾಣ ಇಲ್ಲ ಎಂದಷ್ಟೇ. ಹಿಂದೆ ಒಮ್ಮೆ ಗುರುತಿಸಿ ಹೆಸರಿಟ್ಟ ಪ್ರತಿಕಾಯವನ್ನು ಆಮೇಲಿನ ಹತ್ತು ನೆಗೆಟಿವ್ ರಿಪೋರ್ಟುಗಳೂ ರದ್ದು ಮಾಡುವುದಿಲ್ಲ. ಆ ಗುರುತಿಲ್ಲದ ರಕ್ತವನ್ನೇ ಜೀವನಪೂರ್ತಿ ಕೊಡಬೇಕು ಎಂಬುದು ರಕ್ತ ಕೇಂದ್ರಗಳ ನಿಯಮ.

ಎಚ್ಚರ: ಕೈಯಲ್ಲಿ ನಕಲು ಮಾಡಬೇಡಿ. ಆರ್‌ಎಚ್ ವ್ಯವಸ್ಥೆಯಲ್ಲಿ ದೊಡ್ಡಕ್ಷರದ ಸಿ ಬೇರೆ, ಚಿಕ್ಕಕ್ಷರದ ಸಿ ಬೇರೆ. ದೊಡ್ಡ ಇ ಬೇರೆ, ಚಿಕ್ಕ ಇ ಬೇರೆ. ಎರಡೂ ಪರಸ್ಪರ ವಿರುದ್ಧ ಗುರುತುಗಳು. ಜೆಕೆ ಪಕ್ಕದಲ್ಲಿ ಮೇಲೆ ಕೂತಿರುವ ಪುಟ್ಟ ಎ ಅಥವಾ ಬಿ ಅಕ್ಷರವೂ ಹಾಗೆಯೇ. ಬರೆಯುವಾಗ ಒಂದು ಅಕ್ಷರ ದೊಡ್ಡದಾದರೆ ಬೇಡದ ರಕ್ತವೇ ಬಂದೀತು. ಮೂಲ ರಿಪೋರ್ಟಿನ ಫೋಟೊ ಅಥವಾ ಜೆರಾಕ್ಸ್ ಮಾತ್ರ ನಂಬಿ.

ಇನ್ನೊಂದು ಎಚ್ಚರ ಆರ್‌ಎಚ್ ನೆಗೆಟಿವ್ ಗರ್ಭಿಣಿಯರಿಗೆ. 28ನೇ ವಾರದಲ್ಲಿ, ಹೆರಿಗೆಯಾದ 72 ಗಂಟೆಯೊಳಗೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಕೂಡ ಪ್ರತಿಕಾಯವೇ. ಅದಾದ ಮೇಲೆ ಕೆಲವು ವಾರ ಐಸಿಟಿ ಪಾಸಿಟಿವ್ ಬರಬಹುದು, ಆಮೇಲೆ ಕರಗಿಹೋಗುತ್ತದೆ. ಇದು ಹೊರಗಿನಿಂದ ಬಂದದ್ದು, ನಿಮ್ಮ ದೇಹ ತಯಾರಿಸಿದ್ದಲ್ಲ. ಇಂಜೆಕ್ಷನ್ ಕೊಟ್ಟ ದಿನಾಂಕ ತಾಯಿ ಕಾರ್ಡಿನಲ್ಲಿ ಬರೆಸದಿದ್ದರೆ ಇದನ್ನೂ ನಿಜವಾದ ಆ್ಯಂಟಿ-ಡಿಯನ್ನೂ ಬೇರ್ಪಡಿಸಲು ಪ್ರಯೋಗಾಲಯದವರು ಒದ್ದಾಡಬೇಕಾಗುತ್ತದೆ.

ಹಂತ 4: ಪ್ರತಿಕಾಯ ಕಾರ್ಡ್ ಮಾಡಿಸಿಕೊಳ್ಳಿ

ಪ್ರತಿಕಾಯ ಪತ್ತೆಯಾದವರು ಆ ರಕ್ತ ಕೇಂದ್ರದ ವೈದ್ಯಾಧಿಕಾರಿಯಿಂದ ಒಂದು ಪತ್ರ ಕೇಳಿ ಪಡೆಯಿರಿ. ಕೆಲವು ಕಡೆ ಅಚ್ಚು ಹಾಕಿದ ಕಾರ್ಡೇ ಕೊಡುತ್ತಾರೆ. ಇಲ್ಲದಿದ್ದರೆ ಲೆಟರ್‌ಹೆಡ್ ಸಾಕು. ಅದರಲ್ಲಿ ಇರಬೇಕಾದದ್ದು: ಹೆಸರು, ಜನ್ಮದಿನಾಂಕ, ಆಸ್ಪತ್ರೆ ನಂಬರ್, ರಕ್ತದ ಗುಂಪು, ಪ್ರತಿಕಾಯದ ಹೆಸರು, ಪತ್ತೆಯಾದ ದಿನಾಂಕ ಮತ್ತು ಯಾವ ವಿಧಾನದಲ್ಲಿ, ಮುಂದೆ ಯಾವ ಗುರುತಿಲ್ಲದ ರಕ್ತ ಕೊಡಬೇಕು ಎಂಬ ಸೂಚನೆ, ರಕ್ತ ಕೇಂದ್ರದ ಫೋನ್ ನಂಬರ್, ಸಹಿ, ಮುದ್ರೆ. ಇದು ಇಂಗ್ಲಿಷಿನಲ್ಲೇ ಇರಲಿ, ಯಾವ ರಾಜ್ಯದ ಪ್ರಯೋಗಾಲಯದಲ್ಲಾದರೂ ಓದುವಂತಿರಬೇಕು. ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಆಧಾರ್ ಜೊತೆ ಪರ್ಸಿನಲ್ಲಿಡಿ, ಒಂದು ಪ್ರತಿ ಮನೆಯವರ ಮೊಬೈಲಿನಲ್ಲಿರಲಿ. ಪ್ರಜ್ಞೆ ತಪ್ಪಿದವರ ಮೊಬೈಲ್ ಲಾಕ್ ತೆಗೆಯುವವರು ಯಾರು?

"ನಂದು ಓ ಪಾಸಿಟಿವ್, ಓ ನೆಗೆಟಿವ್ ರಕ್ತ ಎಲ್ಲರಿಗೂ ಆಗುತ್ತಲ್ಲ, ತುರ್ತಿನಲ್ಲಿ ಅದನ್ನೇ ಹಾಕ್ತಾರೆ ಬಿಡಿ" ಎನ್ನುವವರಿದ್ದಾರೆ. ಪ್ರತಿಕಾಯ ಇರುವವರಿಗೆ ಈ ಮಾತು ನಡೆಯದು. ಆರ್‌ಎಚ್ ನೆಗೆಟಿವ್ ದಾನಿಗಳ ಕಣಗಳ ಮೇಲೆ ಬಹುತೇಕ ಯಾವಾಗಲೂ ಚಿಕ್ಕ ಸಿ ಗುರುತು ಇರುತ್ತದೆ. ನಿಮ್ಮಲ್ಲಿರುವುದು ಚಿಕ್ಕ ಸಿ ವಿರುದ್ಧದ ಪ್ರತಿಕಾಯವಾದರೆ ಓ ನೆಗೆಟಿವ್ ರಕ್ತವೇ ಒಡೆಯುತ್ತದೆ. ಚಿಕ್ಕ ಸಿ, ದೊಡ್ಡ ಇ ಎರಡೂ ಗುರುತುಗಳಿಲ್ಲದ ಆರ್‌ಎಚ್ ಪಾಸಿಟಿವ್ ಮಾದರಿ ಭಾರತೀಯರಲ್ಲಿ ತೀರಾ ಸಾಮಾನ್ಯ. ಆದ್ದರಿಂದ ಈ ಎರಡು ಪ್ರತಿಕಾಯಗಳು ನಮ್ಮ ಪ್ರಯೋಗಾಲಯಗಳಲ್ಲಿ ಆಗಾಗ ಸಿಗುವಂಥವೇ.

ಹಂತ 5: ಮುಂದಿನ ಸಲ ರಕ್ತ ಬೇಕಾದಾಗ ಯಾರಿಗೆ ಹೇಳಬೇಕು

ವೈದ್ಯರಿಗೆ ಹೇಳಿದರೆ ಮುಗಿಯಿತು ಎಂದುಕೊಳ್ಳಬೇಡಿ. ರಕ್ತ ಕೇಳುವ ಫಾರಂ ತುಂಬುವವರು ಹೆಚ್ಚಾಗಿ ಡ್ಯೂಟಿಯಲ್ಲಿರುವ ಕಿರಿಯ ವೈದ್ಯರು ಅಥವಾ ಸಿಸ್ಟರ್. ಫಾರಂನಲ್ಲಿ "ಹಿಂದೆ ರಕ್ತ ಪಡೆದಿದ್ದಾರೆಯೇ, ಪ್ರತಿಕ್ರಿಯೆ ಆಗಿತ್ತೇ, ಗರ್ಭದ ಇತಿಹಾಸ" ಎಂಬ ಕಾಲಂ ಇರುತ್ತದೆ, ರಾತ್ರಿ ಎರಡು ಗಂಟೆಗೆ ಅದು ಖಾಲಿ ಹೋಗುವುದೇ ಜಾಸ್ತಿ. ಫಾರಂ ಹಿಡಿದು ಬ್ಲಡ್ ಬ್ಯಾಂಕಿಗೆ ಓಡುವುದು ನಿಮ್ಮ ಮನೆಯವರೇ ಅಲ್ಲವೇ? ಆ ಕಾಲಂ ತುಂಬಿದೆಯೇ ಎಂದು ಅವರೇ ನೋಡಲಿ, ತುಂಬಿಲ್ಲದಿದ್ದರೆ ಬರೆಸಿಕೊಳ್ಳಲಿ, ಕೌಂಟರಿನಲ್ಲಿ ಕಾರ್ಡಿನ ಪ್ರತಿಯನ್ನು ಫಾರಂಗೆ ಪಿನ್ ಮಾಡಲಿ. ಕೇಳಬೇಕಾದ ಪ್ರಶ್ನೆ ಎರಡು: "ಆ್ಯಂಟಿಬಾಡಿ ಸ್ಕ್ರೀನ್ ಮಾಡುತ್ತೀರಾ?", "ಕ್ರಾಸ್‌ಮ್ಯಾಚ್ ಎಎಚ್‌ಜಿ ಹಂತದವರೆಗೆ ಮಾಡುತ್ತೀರಾ?" ಎಎಚ್‌ಜಿ ಎಂದರೆ ಕೂಂಬ್ಸ್ ದ್ರಾವಣ ಬಳಸುವ ಹಂತ. ಸಲೈನ್ ಕ್ರಾಸ್‌ಮ್ಯಾಚ್ ಮಾತ್ರ ಮಾಡಿದರೆ ಈ ಬಗೆಯ ಪ್ರತಿಕಾಯ ಬಲವಾಗಿ ಇದ್ದಾಗಲೂ ತಪ್ಪಿಸಿಕೊಳ್ಳಬಹುದು. ಆ್ಯಂಟಿಬಾಡಿ ಸ್ಕ್ರೀನ್ ಸೌಲಭ್ಯ ಎಲ್ಲ ರಕ್ತ ಕೇಂದ್ರಗಳಲ್ಲೂ ಇಲ್ಲ. ಇಲ್ಲದಿದ್ದರೆ ಸ್ಯಾಂಪಲ್ಲನ್ನು ದೊಡ್ಡ ಕೇಂದ್ರಕ್ಕೆ ಕಳಿಸಲು ಕೇಳಿ.

ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಮೂರ್ನಾಲ್ಕು ದಿನ ಮುಂಚೆ ತಿಳಿಸಿ. ಪ್ರತಿಕಾಯ ಇರುವವರಿಗೆ ರಕ್ತವೇ ಸಿಗುವುದಿಲ್ಲ ಎಂದು ಗಾಬರಿ ಬೇಡ. ನಮ್ಮ ದಾನಿಗಳಲ್ಲಿ ಜೆಕೆಎ ಗುರುತಿಲ್ಲದವರು ಹೆಚ್ಚು ಕಡಿಮೆ ಐವರಲ್ಲಿ ಒಬ್ಬರು. ಅಂದರೆ ಹತ್ತು ಚೀಲ ಪರೀಕ್ಷಿಸಿದರೆ ಎರಡು ಸಿಗಬಹುದು. ಯಾವ ಗುರುತು ಬೇಡವೆಂದು ಗೊತ್ತಿದ್ದರೆ ಇದು ಕೆಲವು ಗಂಟೆಗಳ ಕೆಲಸ. ಎರಡು ಮೂರು ಪ್ರತಿಕಾಯ ಒಟ್ಟಿಗೆ ಇದ್ದವರಿಗೆ ಮಾತ್ರ ನಿಜವಾಗಿ ಹುಡುಕಬೇಕಾಗುತ್ತದೆ.

ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಕ್ರಾಸ್‌ಮ್ಯಾಚಿಗೆ ಕೊಟ್ಟ ಸ್ಯಾಂಪಲ್ ಮೂರು ದಿನಕ್ಕಿಂತ ಹಳೆಯದಾಗಿರಬಾರದು. "ಮೊನ್ನೆ ತಾನೆ ರಕ್ತ ತೆಗೆದರಲ್ಲ, ಮತ್ತೆ ಯಾಕೆ ಚುಚ್ಚುತ್ತೀರಿ" ಎಂದು ಜಗಳ ಆಡಬೇಡಿ. ಪ್ರತಿಕಾಯ ಏಳುವುದು ಅಷ್ಟೇ ದಿನಗಳಲ್ಲಿ.

ಎಚ್ಚರ: ಗಂಡನ ರಕ್ತವನ್ನು ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಹಾಕಿಸಬೇಡಿ. ಅವನ ಗುರುತುಗಳಿಗೆ ಅವಳಲ್ಲಿ ಪ್ರತಿಕಾಯ ಹುಟ್ಟಿದರೆ, ಅಪ್ಪನಿಂದ ಅದೇ ಗುರುತು ಪಡೆದ ಮಗುವಿಗೆ ಗರ್ಭದಲ್ಲೇ ತೊಂದರೆ. ಒಡಹುಟ್ಟಿದವರ, ತಂದೆತಾಯಿಯ ರಕ್ತ ಹೆಚ್ಚು ಹೊಂದೀತು ಎಂಬ ಲೆಕ್ಕ ಸರಿ, ಆದರೆ ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ವಿಕಿರಣಕ್ಕೆ ಒಡ್ಡಿದ ಮೇಲೆಯೇ ಕೊಡಬೇಕು. ಇಲ್ಲವಾದರೆ ದಾನಿಯ ಬಿಳಿ ರಕ್ತಕಣಗಳು ಒಳಗೇ ನೆಲೆಯೂರಿ ರೋಗಿಯ ದೇಹದ ಮೇಲೆ ತಿರುಗಿಬೀಳುವ ಮಾರಣಾಂತಿಕ ಅಪಾಯವಿದೆ.

ಹಂತ 6: ರಕ್ತ ಹಾಕಿದ ಮೇಲೆ ಎರಡು ವಾರ ಗಮನಿಸಿ

ಆಸ್ಪತ್ರೆಯಲ್ಲಿ ರಕ್ತ ಏರುವಾಗ ಮೊದಲ ಹದಿನೈದು ನಿಮಿಷ ಸಿಸ್ಟರ್ ಪಕ್ಕದಲ್ಲೇ ನಿಂತು ನೋಡುತ್ತಾರೆ. ತಡವಾದ ಪ್ರತಿಕ್ರಿಯೆ ಬರುವುದು ನೀವು ಮನೆಗೆ ಬಂದ ಮೇಲೆ. ಗಮನಿಸಬೇಕಾದದ್ದು: ಕಣ್ಣಿನ ಬಿಳಿ ಭಾಗ ಹಳದಿಯಾಗುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಜ್ವರ, ಸೊಂಟನೋವು, ಮತ್ತೆ ಅದೇ ಸುಸ್ತು. ಏರಿದ್ದ ಹಿಮೋಗ್ಲೋಬಿನ್ ರಕ್ತಸ್ರಾವವಿಲ್ಲದೆ ಹಳೆಯ ಮಟ್ಟಕ್ಕೇ ಇಳಿದರೆ ಅದೊಂದೇ ಸಾಕು ಅನುಮಾನಿಸಲು.

ಒಂದು ಸನ್ನಿವೇಶ ಊಹಿಸಿ. ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಎರಡು ಚೀಲ ರಕ್ತ ಪಡೆದ ಹೆಂಗಸಿಗೆ ನಲವತ್ತೈದರಲ್ಲಿ ಗರ್ಭಕೋಶದ ಗಡ್ಡೆಯ ಆಪರೇಷನ್. ಸ್ಕ್ರೀನ್ ನೆಗೆಟಿವ್, ಕ್ರಾಸ್‌ಮ್ಯಾಚ್ ಸರಿ, ರಕ್ತ ಹಾಕಿ ಐದನೇ ದಿನ ಮನೆಗೆ. ಎಂಟನೇ ದಿನ ಕಣ್ಣು ಹಳದಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಅರಿಶಿನ ಕಾಮಾಲೆ, ಮರುದಿನ ಬೆಳಿಗ್ಗೆ ನಾಟಿ ಔಷಧಕ್ಕೆ ಹೊರಟು ನಿಲ್ಲುತ್ತಾರೆ. ಪಥ್ಯ ಮಾಡಿ ಹದಿನೈದು ದಿನಕ್ಕೆ ಹಳದಿ ಇಳಿದರೆ ಔಷಧ ನಾಟಿತು ಎಂಬ ಖುಷಿ. ಒಡೆಯಬೇಕಾದ ರಕ್ತವೆಲ್ಲ ಒಡೆದು ಮುಗಿದಿದ್ದರಿಂದ ಹಳದಿ ಇಳಿಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಪ್ರತಿಕಾಯ ಮತ್ತೆ ಕರಗುತ್ತದೆ, ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ನಷ್ಟವಾಗುವುದು ಇಂಥ ಎರಡು ವಾರಗಳಲ್ಲೇ, ಯಾಕೆಂದರೆ ಪ್ರತಿಕಾಯ ಪರೀಕ್ಷೆಗೆ ಚೆನ್ನಾಗಿ ಸಿಗುವ ಕಾಲವೂ ಅದೇ.

ಆದ್ದರಿಂದ ಲಕ್ಷಣ ಕಂಡ ದಿನವೇ ರಕ್ತ ಹಾಕಿದ ಆಸ್ಪತ್ರೆಗೆ ಹೋಗಿ, "ಇಂಥ ತಾರೀಕಿಗೆ ರಕ್ತ ಹಾಕಿದ್ದರು" ಎಂಬುದನ್ನು ಮೊದಲ ಮಾತಾಗಿ ಹೇಳಿ. ಹಿಮೋಗ್ಲೋಬಿನ್, ಬಿಲಿರುಬಿನ್, ಎಲ್‌ಡಿಎಚ್, ಡಿಸಿಟಿ ಮತ್ತು ಹೊಸ ಆ್ಯಂಟಿಬಾಡಿ ಸ್ಕ್ರೀನ್ ಮಾಡಿಸುತ್ತಾರೆ. ಪ್ರತಿಕ್ರಿಯೆ ಎಂದು ಖಚಿತವಾದರೆ ಅದನ್ನು ರಕ್ತ ಕೇಂದ್ರಕ್ಕೆ ವರದಿ ಮಾಡಲು ಕೇಳಿ. 2012ರ ಡಿಸೆಂಬರ್ 10ರಿಂದ ನಮ್ಮ ದೇಶದಲ್ಲಿ ಹೀಮೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ; ಇಂಥ ಪ್ರತಿಕ್ರಿಯೆಗಳನ್ನು ದಾಖಲಿಸಲು ಪ್ರತ್ಯೇಕ ಫಾರಂ ಇದೆ. ಅದರ ಒಂದು ಪ್ರತಿ ನಿಮ್ಮ ಫೈಲಿಗೂ ಸೇರಲಿ.

ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇರುವವರಿಗೆ ಈ ಹಂತ ಇನ್ನಷ್ಟು ಮುಖ್ಯ. ಅವರಲ್ಲಿ ತಡವಾದ ಪ್ರತಿಕ್ರಿಯೆ ಮೈಕೈ ನೋವಿನ ರೂಪದಲ್ಲೇ ಬಂದು, ಮಾಮೂಲಿ ಸಿಕಲ್ ನೋವು ಎಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಕೆಲವೊಮ್ಮೆ ಹಾಕಿದ ರಕ್ತದ ಜೊತೆ ಸ್ವಂತ ರಕ್ತಕಣಗಳೂ ಒಡೆಯತೊಡಗುತ್ತವೆ, ಆಗ ಇನ್ನಷ್ಟು ರಕ್ತ ಹಾಕಿದರೆ ಅಪಾಯವೇ ಹೆಚ್ಚಾದೀತು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕೊಡುವ ಕಾರ್ಡ್ ರೋಗ ಇದೆಯೋ, ವಾಹಕರೋ ಎಂದು ತಿಳಿಸುವಂಥದ್ದು. ಅದು ಇದೆಯೆಂದು ಪ್ರತಿಕಾಯದ ಕಾರ್ಡ್ ಬಿಡಬೇಡಿ, ಎರಡೂ ಬೇಕು.

ಹಂತ 7: ಪದೇಪದೇ ರಕ್ತ ಬೇಕಾದವರು ಇನ್ನೊಂದು ಪರೀಕ್ಷೆ ಮಾಡಿಸಿ

ತಲಸ್ಸೇಮಿಯಾ ಎಂದು ಗೊತ್ತಾದ ಮಗುವಿಗೆ ಮೊದಲ ಚೀಲ ರಕ್ತ ಹಾಕುವ ಮುಂಚೆಯೇ ಕೆಂಪು ಕಣದ ಫೀನೋಟೈಪ್ ಮಾಡಿಸಬೇಕು. ಎಬಿಒ ಹೊರತಾಗಿ ಮುಖ್ಯವಾದ ಇತರ ಗುರುತುಗಳು (ಸಿ, ಇ, ಕೆಲ್, ಕಿಡ್, ಡಫಿ ಇತ್ಯಾದಿ) ಮಗುವಿನಲ್ಲಿ ಯಾವುವಿವೆ ಎಂದು ಪಟ್ಟಿ ಮಾಡುವ ಪರೀಕ್ಷೆ ಇದು. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಯಾವ ಗುರುತು ಇಲ್ಲ ಎಂದು ಗೊತ್ತಾದರೆ ಯಾವ ಪ್ರತಿಕಾಯ ಹುಟ್ಟಬಹುದು ಎಂದೂ ಗೊತ್ತಾಗುತ್ತದೆ. ಆರ್‌ಎಚ್ ಮತ್ತು ಕೆಲ್ ಗುರುತುಗಳನ್ನಾದರೂ ಹೊಂದಿಸಿ ರಕ್ತ ಕೊಟ್ಟರೆ ಪ್ರತಿಕಾಯ ಹುಟ್ಟುವುದೇ ಕಡಿಮೆಯಾಗುತ್ತದೆ.

ರಕ್ತ ಹಾಕಿ ಮೂರು ತಿಂಗಳಾಗುವವರೆಗೆ ಈ ಪರೀಕ್ಷೆ ನಂಬುವಂತಿಲ್ಲ, ದಾನಿಯ ಕಣಗಳೂ ನಿಮ್ಮ ಕಣಗಳೂ ಬೆರೆತಿರುತ್ತವೆ. ಆಗಲೇ ತಿಂಗಳು ತಿಂಗಳು ರಕ್ತ ಪಡೆಯುತ್ತಿರುವವರಿಗೆ ಡಿಎನ್‌ಎ ಆಧಾರಿತ ಪರೀಕ್ಷೆಯೇ ದಾರಿ. ಖರ್ಚು ಜಾಸ್ತಿ, ಸಿಗುವುದು ಕೆಲವೇ ಕಡೆ.

ಎಚ್ಚರ: ಮಗು ಹದಿನೆಂಟು ದಾಟಿ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವಾಗ, ಅಥವಾ ಓದಿಗೆ ಬೇರೆ ಊರಿಗೆ ಹೋಗುವಾಗ ಫೈಲ್ ಹಿಂದೆ ಉಳಿದುಬಿಡುತ್ತದೆ. ಫೀನೋಟೈಪ್ ಹಾಳೆ, ಹಳೆಯ ಆ್ಯಂಟಿಬಾಡಿ ರಿಪೋರ್ಟುಗಳು ಇವೆರಡನ್ನು ಮಗನ ಅಥವಾ ಮಗಳ ಕೈಗೇ ಕೊಟ್ಟು, ಅದರಲ್ಲಿ ಏನಿದೆ ಎಂದು ಅವರಿಗೇ ಓದಿ ಹೇಳಿ.

ಹಂತ 8: ಡಿಜಿಟಲ್ ಪ್ರತಿ

ಆಭಾ ಎಂಬ 14 ಅಂಕಿಯ ಆರೋಗ್ಯ ಖಾತೆ ಇದ್ದರೆ ಆ್ಯಪ್‌ನಲ್ಲಿ ಈ ರಿಪೋರ್ಟುಗಳನ್ನು ಸೇರಿಸಿಡಬಹುದು. ಆದರೆ ಆಭಾ ಇದೆ ಎಂದಮಾತ್ರಕ್ಕೆ ಹಳೇ ರಿಪೋರ್ಟುಗಳು ತಾವಾಗಿ ಬಂದು ಕೂರುವುದಿಲ್ಲ, ರಕ್ತ ಕೇಂದ್ರದವರು ಅದನ್ನು ತೆರೆದು ನೋಡುತ್ತಾರೆಂಬ ಖಾತ್ರಿಯೂ ಇಲ್ಲ. ಇ-ರಕ್ತಕೋಶ್ ಪೋರ್ಟಲ್‌ನಲ್ಲಿ ನೀವು ನೋಡಬಹುದಾದದ್ದು ಯಾವ ಕೇಂದ್ರದಲ್ಲಿ ಎಷ್ಟು ರಕ್ತ ಇದೆ ಎಂಬುದನ್ನು. ಅಲ್ಲಿ ನಿಮ್ಮ ಪ್ರತಿಕಾಯ ಹುಡುಕಬೇಡಿ.

ಮಕ್ಕಳ ಬಾಣಂತನಕ್ಕೆಂದೋ ಕೆಲಸಕ್ಕೆಂದೋ ವಿದೇಶಕ್ಕೆ ಹೋಗುವವರು ರಕ್ತ ಕೇಂದ್ರದ ಪತ್ರದ ಎರಡು ಪ್ರತಿ ಜೊತೆಗೊಯ್ಯಿರಿ. ಬ್ರಿಟನ್‌ನಲ್ಲಿ ಪ್ರತಿಕಾಯ ಇರುವ ರೋಗಿಗಳಿಗೆ ಕಾರ್ಡ್ ಕೊಡುವ ಪದ್ಧತಿ ಮೊದಲಿನಿಂದ ಇದೆ. ಅಲ್ಲಿಯ ಆಸ್ಪತ್ರೆಯಲ್ಲಿ ನೋಂದಾಯಿಸುವಾಗಲೇ ಪತ್ರ ತೋರಿಸಿದರೆ ಅದರ ಆಧಾರದ ಮೇಲೆ ತಮ್ಮ ದಾಖಲೆಗೆ ಸೇರಿಸಿಕೊಳ್ಳಲು ಕೇಳಬಹುದು. ವಾಪಸು ಬರುವಾಗ ಅಲ್ಲಿ ರಕ್ತ ಹಾಕಿದ್ದರೆ ಅದರ ಸಾರಾಂಶವನ್ನೂ ಕೇಳಿ ತನ್ನಿ.